ಫೋನ್ ಕರೆ ನಿಭಾಯಿಸುವ ವೆಬ್ ಆ್ಯಪ್‌ಗೆ ಟ್ವಿಲಿಯೋನಾ, ಆಸ್ಟರಿಸ್ಕಾ?

ಟ್ವಿಲಿಯೋ ಅಂದರೆ ದುಡ್ಡು ಕೊಟ್ಟು ಬಳಸುವ ಕ್ಲೌಡ್ ಫೋನ್ ಸೇವೆ; ಅದರಲ್ಲಿ ಕೆಲಸ ಬೇಗ ಶುರುವಾಗುತ್ತದೆ. ಕರೆ ಬಂದ ತಕ್ಷಣ ಅದು ನಿಮ್ಮ ಯುಆರ್‌ಎಲ್‌ಗೆ ಬಂದು ಏನು ಮಾಡಲಿ ಅಂತ ಕೇಳುತ್ತದೆ. ಎಕ್ಸ್‌ಎಂಎಲ್ ರೂಪದಲ್ಲಿ ನಾಲ್ಕು ಸಾಲು ಸೂಚನೆ ಕೊಟ್ಟರೆ ಸಾಕು, ಮಾತಾಡುತ್ತದೆ, ರೆಕಾರ್ಡ್ ಮಾಡುತ್ತದೆ. ಆದರೆ ನಿಮಿಷಕ್ಕಿಷ್ಟು ಅಂತ ಮೀಟರ್ ಓಡುತ್ತಲೇ ಇರುತ್ತದೆ.

1999ರಲ್ಲಿ ಶುರುವಾದ ಆಸ್ಟರಿಸ್ಕ್, ನಿಮ್ಮ ಸರ್ವರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಓಪನ್ ಸೋರ್ಸ್ ತಂತ್ರಾಂಶ. ತಂತ್ರಾಂಶವೇನೋ ಉಚಿತ; ಸರ್ವರ್, ಸಿಪ್ ಟ್ರಂಕ್ (ಇಂಟರ್ನೆಟ್ ಮೂಲಕ ಫೋನ್ ಜಾಲಕ್ಕೆ ಸೇರಿಸುವ ಸಂಪರ್ಕ), ಫೈರ್‌ವಾಲ್ ಎಲ್ಲ ನಿಮ್ಮ ತಲೆಗೇ. ಪಾಸ್‌ವರ್ಡ್ ಸಡಿಲವಿಟ್ಟು ಸಿಪ್ ಬಳಸುವ 5060 ಪೋರ್ಟ್ ಸುಮ್ನೆ ತೆರೆದಿಟ್ಟರೆ, ಯಾರೋ ನಿಮ್ಮ ಖರ್ಚಲ್ಲಿ ವಿದೇಶಕ್ಕೆ ಹರಟುತ್ತಾರೆ. ರೆಕಾರ್ಡಿಂಗ್ ಮಾತ್ರ ನಿಮ್ಮ ಡಿಸ್ಕ್‌ನಲ್ಲೇ ಇರುತ್ತದೆ. 8 ಕಿಲೋಹರ್ಟ್ಜ್, 16 ಬಿಟ್ ಮೋನೋ ವೇವ್ ಫೈಲ್ ನಿಮಿಷಕ್ಕೆ ಸುಮಾರು 1 ಎಂಬಿ. ಜಾಸ್ತಿಯೇನಲ್ಲ, ಅಲ್ವಾ?

ಮೊದಲ ಪ್ರಯೋಗಕ್ಕೆ ನಾನಾದರೆ ಟ್ವಿಲಿಯೋ. ದಿನವಿಡೀ ಕರೆ ಬರುವಂತಿದ್ದು, ಲಿನಕ್ಸ್ ಬಲ್ಲವರು ಜೊತೆಗಿದ್ದರೆ ಆಸ್ಟರಿಸ್ಕ್.