ಹೊಂಚುದಾಳಿಗೆ ಹೊಸ ಲೆಕ್ಕ: ಕೊಡಗಿನ ನಕ್ಷೆಯಲ್ಲಿ ಡಂಜನ್ಸ್ ಆಂಡ್ ಡ್ರಾಗನ್ಸ್ 2024

ಪಾತ್ರ ವಹಿಸಿ, ದಾಳ ಹಾಕಿ ಆಡುವ ಮೇಜಿನಾಟ ಡಂಜನ್ಸ್ ಆಂಡ್ ಡ್ರಾಗನ್ಸ್‌ನ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ 384 ಪುಟಗಳ ಪುಸ್ತಕ. ಅಡಗುವುದು, ಹೊಂಚು ಹಾಕುವುದು, ಮೈಮರೆತ ಶತ್ರುವಿನ ಮೇಲೆ ಎರಗುವುದು, ಇಷ್ಟಕ್ಕೂ ಅದರಲ್ಲಿ ಸಿಕ್ಕಿರುವುದು ಕೆಲವೇ ಪ್ಯಾರಾ. ಆದರೆ ಕಾಫಿ ತೋಟ, ಮಂಜು, ಕಡಂಗಗಳ (ಹಳೆಯ ಯುದ್ಧಕಂದಕಗಳ) ಕೊಡಗನ್ನೇ ನಕ್ಷೆ ಮಾಡಿಕೊಂಡು ಆಡುವ ತಂಡಕ್ಕೆ ಅರ್ಧ ಆಟ ನಿಂತಿರುವುದು ಆ ಪ್ಯಾರಾಗಳ ಮೇಲೆ. ಈ ವಿಮರ್ಶೆ ಅಷ್ಟಕ್ಕೇ ಸೀಮಿತ.

ಮೊದಲು 2014ರ, ಅಂದರೆ ಐದನೇ ಆವೃತ್ತಿ ಬಂದಾಗಿನ ನಿಯಮ. ಅಡಗಿದವರ ಸ್ಟೆಲ್ತ್ (ಸದ್ದಿಲ್ಲದೆ ಅಡಗುವ ಕೌಶಲ) ಅಂಕವನ್ನು ಎದುರಿನ ಪ್ರತಿಯೊಬ್ಬರ ಪ್ಯಾಸಿವ್ ಪರ್ಸೆಪ್ಶನ್ (ದಾಳ ಹಾಕದೆಯೇ ಇರುವ, ಗಮನಿಸುವ ಶಕ್ತಿಯ ಅಂಕ) ಜೊತೆ ಡಿಎಂ (ಆಟ ನಡೆಸುವವರು) ಹೋಲಿಸುತ್ತಿದ್ದರು. ಯಾವ ಅಪಾಯವನ್ನೂ ಗಮನಿಸದವನು ಸರ್ಪ್ರೈಸ್ ಆದಂತೆ. ಅವನು ತನ್ನ ಮೊದಲ ಟರ್ನ್‌ನಲ್ಲಿ ಕದಲುವಂತಿಲ್ಲ, ಆಕ್ಷನ್ ಇಲ್ಲ, ಆ ಟರ್ನ್ ಮುಗಿಯುವವರೆಗೆ ರಿಯಾಕ್ಷನ್ (ಬೇರೆಯವರ ನಡೆಗೆ ತಕ್ಷಣದ ಪ್ರತಿಕ್ರಿಯೆ) ಕೂಡ ಇಲ್ಲ. ‘ಸರ್ಪ್ರೈಸ್ ರೌಂಡ್’ ಎಂದು ಇಂದಿಗೂ ಹಲವರು ಹೇಳುತ್ತಾರೆ. ಅದು 3.5 ಮತ್ತು 4ನೇ ಆವೃತ್ತಿಗಳ ಮಾತು, ಐದನೆಯದರಲ್ಲಿ ಅಂಥ ಪ್ರತ್ಯೇಕ ರೌಂಡ್ ಇಲ್ಲವೇ ಇಲ್ಲ. ಆಟಗಾರರು ಹೊಂಚು ಹಾಕಿದಾಗ ಹಳೆಯ ನಿಯಮ ಹಬ್ಬ. ಅದೇ ಹೊಂಚಿಗೆ ಅವರೇ ಸಿಕ್ಕಿಬಿದ್ದರೆ ನಾಲ್ಕು ಜನ ಕೈಕಟ್ಟಿ ಕೂತು, ತಮ್ಮ ಪಾತ್ರಗಳು ಉರುಳುವುದನ್ನು ನೋಡಬೇಕಿತ್ತು.

ಹೊಸ ನಿಯಮ ಆ ಶಿಕ್ಷೆಯನ್ನು ಕಿತ್ತುಹಾಕಿದೆ. ಸರ್ಪ್ರೈಸ್ ಆದವನು, ಯಾರ ಟರ್ನ್ ಮೊದಲು ಎಂದು ತೀರ್ಮಾನಿಸುವ ಇನಿಶಿಯೇಟಿವ್ ದಾಳವನ್ನು ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ಸಲ ಹಾಕಿ ಕಡಿಮೆಯದನ್ನು ಹಿಡಿದು) ಹಾಕುತ್ತಾನೆ, ಅಷ್ಟೇ. ಟರ್ನ್ ಹೋಗುವುದಿಲ್ಲ. ಡಿ20ರ (20 ಮುಖದ ದಾಳದ) ಸರಾಸರಿ 10.5 ಇದ್ದದ್ದು ಸುಮಾರು 7.2ಕ್ಕೆ ಇಳಿಯುತ್ತದೆ. ಅಡಗಿ ಕೂತವನಿಗೆ ಇನ್ವಿಸಿಬಲ್ (ಕಣ್ಣಿಗೆ ಬೀಳದ) ಸ್ಥಿತಿ ಇರುವುದರಿಂದ ಅವನ ಇನಿಶಿಯೇಟಿವ್‌ಗೆ ಅಡ್ವಾಂಟೇಜ್ (ಎರಡರಲ್ಲಿ ಹೆಚ್ಚಿನದು), ಸರಾಸರಿ 13.8. ಇಬ್ಬರ ಬೋನಸ್ ಒಂದೇ ಆಗಿದ್ದರೆ ಆರರಲ್ಲಿ ಸುಮಾರು ಐದು ಸಲ ಹೊಂಚು ಹಾಕಿದವನೇ ಮುಂದೆ. ನ್ಯಾಯವಾದ ಲೆಕ್ಕ, ಮೇಜಿಗೆ ಕೂತ ಎಲ್ಲರೂ ಆಡುತ್ತಲೇ ಇರುತ್ತಾರೆ. ಈ ಬದಲಾವಣೆಯನ್ನು ಮನಸಾರೆ ಒಪ್ಪುತ್ತೇವೆ.

ತೊಡಕಿರುವುದು ಆ ಉಳಿದ ಒಂದು ಸಲದಲ್ಲಿ. ಬಾಣ ಇನ್ನೂ ಬಿಟ್ಟಿಲ್ಲ, ಯಾರೂ ಕಾಣಿಸಿಲ್ಲ, ಆದರೂ ಕಾವಲುಗಾರನ ಟರ್ನ್ ಮೊದಲು ಬಂತು. ಅವನೇನು ಮಾಡಬೇಕು? ಪುಸ್ತಕ ಬಿಡಿಸಿ ಹೇಳುವುದಿಲ್ಲ. ನಮ್ಮ ಸಲಹೆ ಇದು: ಎಲೆ ಸದ್ದು ಕೇಳಿ ಅವನ ಕಿವಿ ನಿಮಿರಿತು ಎಂದಿಟ್ಟುಕೊಳ್ಳಿ. ಅವನು ಸರ್ಚ್ ಆಕ್ಷನ್ ಬಳಸಿ, ಅಡಗಿದವನ ಸ್ಟೆಲ್ತ್ ಅಂಕಕ್ಕೆ ಎದುರಾಗಿ ಪರ್ಸೆಪ್ಶನ್ ಹಾಕಲಿ, ಇಲ್ಲವೇ ಮರೆಗೆ ಸರಿಯಲಿ. ಬಾಣ ಎಲ್ಲಿಂದ ಬರಲಿದೆ ಎಂದು ಮೊದಲೇ ಗೊತ್ತಿದ್ದವನಂತೆ ನೇರ ಆ ಪೊದೆಗೇ ನುಗ್ಗಿಸುವ ಡಿಎಂ ಆಟ ಕೆಡಿಸುತ್ತಾರೆ.

ಇನ್ನು ಅಡಗುವ ನಿಯಮ. ಹೈಡ್ ಆಕ್ಷನ್‌ಗೆ ಡಿಸಿ 15ರ ಸ್ಟೆಲ್ತ್ ಗೆಲ್ಲಬೇಕು, ಅಂದರೆ ದಾಳ ಮತ್ತು ಬೋನಸ್ ಸೇರಿ ಕನಿಷ್ಠ 15 ಬರಬೇಕು. ಅದಕ್ಕೂ ಮೊದಲು ಪೂರ್ತಿ ಮಸುಕಾದ ಜಾಗದಲ್ಲೋ, ಮುಕ್ಕಾಲು ಅಥವಾ ಪೂರ್ಣ ಮರೆಯಲ್ಲೋ ಇದ್ದು, ಯಾವ ಶತ್ರುವಿನ ನೋಟಕ್ಕೂ ಬೀಳದಂತಿರಬೇಕು. ಇಲ್ಲಿ ಕೊಡಗಿನ ನೆಲ ಚೆನ್ನಾಗಿ ಪಾಠ ಕಲಿಸುತ್ತದೆ. ಸಿಲ್ವರ್ ಓಕ್‌ನ ಸಪೂರ ಕಾಂಡ ಅರ್ಧ ಮರೆ ಮಾತ್ರ, ಅದರ ಹಿಂದೆ ಹೈಡ್ ನಡೆಯದು. ದಪ್ಪ ಬುಡದ ಹಳೆಯ ಹಲಸಿನ ಮರ ಮುಕ್ಕಾಲು ಮರೆ ಕೊಡುತ್ತದೆ. ಕೊಯ್ಲು ಮುಗಿದು ರೆಂಬೆ ಸವರಿದ ಕಾಫಿ ಸಾಲನ್ನು ಅರೆ ಮಸುಕು ಎನ್ನಬಹುದು, ಹೈಡ್‌ಗೆ ಸಾಲದು. ಒತ್ತಾಗಿ ಬೆಳೆದ ರೊಬಸ್ಟಾ ದಟ್ಟ ಎಲೆಗೆ ಸಮ, ಅಲ್ಲಿ ಸಾಧ್ಯ. ಎಲ್ಲಕ್ಕಿಂತ ಒಳ್ಳೆಯದು ಕಡಂಗ. ಹಳೆಯ ಯುದ್ಧಕಂದಕದ ಒಳಗೆ ಕುಕ್ಕರಿಸಿದರೆ ಪೂರ್ಣ ಮರೆ. ಶತ್ರು ದಿಬ್ಬದ ಮೇಲೆ ಹತ್ತಿ ನಿಂತ ಕ್ಷಣ ಮಾತ್ರ ಅದು ಇಲ್ಲವಾಗುತ್ತದೆ. ಯಾವ ಗಿಡಕ್ಕೆ ಯಾವ ದರ್ಜೆ ಎಂದು ಡಿಎಂ ಆಟಕ್ಕೆ ಮುಂಚೆಯೇ ನಕ್ಷೆಯಲ್ಲಿ ಬರೆದಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಪಿಸುಮಾತಿಗಿಂತ ಜೋರಾದ ಸದ್ದು, ದಾಳಿಯ ದಾಳ, ಬಾಯಲ್ಲಿ ಹೇಳುವ ಮಂತ್ರ, ಶತ್ರುವಿಗೆ ಪತ್ತೆಯಾಗುವುದು, ಇವುಗಳಲ್ಲಿ ಯಾವುದಾದರೂ ಅಡಗುವಿಕೆಯನ್ನು ಮುಗಿಸುತ್ತದೆ. ಪುಸ್ತಕದ ದೊಡ್ಡ ಕೊರತೆ ಇಲ್ಲೇ ಇದೆ: ಪೊದೆ ಬಿಟ್ಟು ಬಯಲಿಗೆ ನಡೆದು ಬಂದವನು ಇನ್ನೂ ಇನ್ವಿಸಿಬಲ್ಲೇ ಎಂಬುದನ್ನು ಸ್ಪಷ್ಟವಾಗಿ ಹೇಳಿಲ್ಲ. ಅಕ್ಷರಶಃ ಓದಿದರೆ ಹಗಲಲ್ಲೇ ಗದ್ದೆ ದಾಟಬಹುದು ಎನ್ನುವ ಆಟಗಾರ ಸಿಗುತ್ತಾನೆ. ತನ್ನ ಟರ್ನ್ ಮುಗಿಸುವಾಗ ತೆರೆದ ಜಾಗದಲ್ಲಿ ಶತ್ರುವಿನ ಕಣ್ಣೆದುರು ಇದ್ದರೆ ಪತ್ತೆಯಾದಂತೆ ಎಂಬ ಮನೆ ನಿಯಮ ಸಾಕು. ಪೊದೆಯಿಂದ ಹಾರಿ ಒಂದೇ ಟರ್ನ್‌ನಲ್ಲಿ ಇರಿಯುವವನಿಗೆ ಅಡ್ವಾಂಟೇಜ್ ಹಾಗೇ ಉಳಿಯುತ್ತದೆ.

ಮಂಜಿನ ಬಗ್ಗೆ ಒಂದು ತಪ್ಪು ಎಣಿಕೆ ಬಹಳ ಸಾಮಾನ್ಯ. ದಟ್ಟ ಮಂಜಿನಲ್ಲಿ ಇಬ್ಬರಿಗೂ ಕಾಣದು. ಕಾಣದವನಿಗೆ ಹೊಡೆದರೆ ಡಿಸ್‌ಅಡ್ವಾಂಟೇಜ್, ಕಾಣದಂತೆ ಹೊಡೆದರೆ ಅಡ್ವಾಂಟೇಜ್, ಎರಡೂ ಸೇರಿ ವಜಾ. ಅಡ್ವಾಂಟೇಜ್ ಹೋದರೆ ರೋಗ್‌ನ (ಕಳ್ಳನಡೆಯ ಪಾತ್ರದ) ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಏಟಿಗೆ, ಗುರಿಯಿಂದ 5 ಅಡಿಯೊಳಗೆ ಜೊತೆಗಾರನೊಬ್ಬ ಇರಲೇಬೇಕು. ಹಾಗಾಗಿ ಮಂಜಿಗಿಂತ ರಾತ್ರಿ ಲೇಸು. ಪಂಜಿನ ಪೂರ್ಣ ಬೆಳಕು 20 ಅಡಿ, ಮಬ್ಬು ಬೆಳಕು ಇನ್ನೂ 20 ಅಡಿ. ಪಂಜು ಹಿಡಿದವನು ಸ್ಪಷ್ಟವಾಗಿ ಕಾಣುತ್ತಾನೆ, ಅವನಿಗೆ ಕತ್ತಲು ಕಾಣದು. ಶಾರ್ಟ್‌ಬೋನ ಮೊದಲ ವ್ಯಾಪ್ತಿ 80 ಅಡಿ, ಆದ್ದರಿಂದ 65ರಿಂದ 80 ಅಡಿಯ ನಡುವೆ ನಿಲ್ಲಿ. 60 ಅಡಿಯ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇದ್ದವರಿಗೂ ಅಲ್ಲಿ ನೀವು ಕಾಣುವುದಿಲ್ಲ. ಡ್ವಾರ್ಫ್, ಓರ್ಕ್‌ಗಳಿಗೆ ಈಗ 120 ಅಡಿ ಇದೆ, ಅವರ ಮುಂದೆ ಈ ಉಪಾಯ ಬೇಡ. ಜುಲೈ ತಿಂಗಳ ಮಳೆಯನ್ನು ಆಟಕ್ಕೆ ತಂದರೆ ಇನ್ನೊಂದು ಲೆಕ್ಕ: ಜೋರು ಮಳೆ ತೆರೆದ ಉರಿಯನ್ನು ಆರಿಸುತ್ತದೆ, ನೋಟ ಮತ್ತು ಶ್ರವಣದ ಪರ್ಸೆಪ್ಶನ್‌ಗೆ ಡಿಸ್‌ಅಡ್ವಾಂಟೇಜ್ ತರುತ್ತದೆ, ಪ್ಯಾಸಿವ್ ಅಂಕದಲ್ಲಿ 5 ಕಳೆಯಿರಿ.

ಹೊಂಚು ಹಾಳಾಗುವುದು ಹೆಚ್ಚಾಗಿ ಪ್ಲೇಟ್ ಕವಚದ ಫೈಟರ್‌ನಿಂದ. ಐದನೇ ಹಂತದ ರೋಗ್‌ಗೆ ಸ್ಟೆಲ್ತ್ +10 ಇದ್ದರೆ ಡಿಸಿ 15 ಗೆಲ್ಲುವ ಸಾಧ್ಯತೆ ಶೇ 80. ಬೋನಸ್ಸೇ ಇಲ್ಲದ ಫೈಟರ್‌ಗೆ ಕವಚದ ಡಿಸ್‌ಅಡ್ವಾಂಟೇಜ್ ಸೇರಿ ಕೇವಲ ಶೇ 9. ‘ಪಾಸ್ ವಿದೌಟ್ ಟ್ರೇಸ್’ ಮಂತ್ರ +10 ಕೊಟ್ಟರೆ ಅದು ಶೇ 64ಕ್ಕೆ ಏರುತ್ತದೆ. ಎರಡನೇ ಹಂತದ ಮಂತ್ರ, ಒಂದು ಗಂಟೆಯವರೆಗೆ ಬರುತ್ತದೆ. ಆದರೆ ಎಲ್ಲರೂ ಮಂತ್ರ ಹಾಕಿದವನಿಂದ 30 ಅಡಿಯೊಳಗೇ ಇರಬೇಕು, ಅವನ ಕಾನ್ಸಂಟ್ರೇಶನ್ ಕೂಡ ಮುರಿಯಬಾರದು. ಮಂತ್ರ ಇಲ್ಲದಿದ್ದರೆ ಫೈಟರ್‌ನನ್ನು ನೂರು ಅಡಿ ಹಿಂದೆ ಬಿಡಿ.

ಹೊಸ ಲೆಕ್ಕದಲ್ಲಿ ನಷ್ಟ ಆದದ್ದು ರೋಗ್‌ನ ಒಳವಿಧವಾದ ಅಸಾಸಿನ್ ಪಾತ್ರಕ್ಕೆ. 2014ರಲ್ಲಿ ಸರ್ಪ್ರೈಸ್ ಆದವನಿಗೆ ಏಟು ತಗುಲಿದರೆ ತಾನಾಗಿ ಕ್ರಿಟಿಕಲ್ (ಹಾನಿಯ ದಾಳಗಳು ದುಪ್ಪಟ್ಟು). ಐದನೇ ಹಂತದಲ್ಲೇ ಶಾರ್ಟ್‌ಬೋ ಮತ್ತು ಸ್ನೀಕ್ ಅಟ್ಯಾಕ್ ಸೇರಿ, ಡೆಕ್ಸ್ (ಚುರುಕುತನದ ಬೋನಸ್) +4 ಇದ್ದರೆ, ಸರಾಸರಿ 32 ಹಾನಿ. ಈಗ ಮೊದಲ ರೌಂಡ್‌ನ ಸ್ನೀಕ್ ಅಟ್ಯಾಕ್‌ಗೆ ರೋಗ್ ಹಂತದಷ್ಟು ಹೆಚ್ಚುವರಿ, ಒಟ್ಟು 23. ಆದರೆ ಹಳೆಯ 32 ಬರಲು ಸರ್ಪ್ರೈಸ್ ಆಗಬೇಕು, ಇನಿಶಿಯೇಟಿವ್ ಕೂಡ ಗೆಲ್ಲಬೇಕು. ಶತ್ರುವಿನ ಟರ್ನ್ ಮೊದಲು ಬಂದು ಮುಗಿದರೆ ಸರ್ಪ್ರೈಸೇ ಹೋಯಿತು, ಕ್ರಿಟಿಕಲ್ಲೂ ಹೋಯಿತು. ಈಗಿನ 23 ಹೆಚ್ಚು ನಂಬಿಕೆಯದ್ದು, ಆದರೂ ಗಂಟೆಗಟ್ಟಲೆ ಯೋಜಿಸಿದ ಹೊಂಚಿಗೆ ಅದು ಕಡಿಮೆ ಕೂಲಿ ಎಂಬುದೇ ನಮ್ಮ ಅಭಿಪ್ರಾಯ. ತಂಡವಿಡೀ ಪತ್ತೆಯಾಗದೆ ಜಾಗಕ್ಕೆ ತಲುಪಿದರೆ, ಮೊದಲ ರೌಂಡ್‌ನಲ್ಲಿ ಶತ್ರುಗಳಿಗೆ ರಿಯಾಕ್ಷನ್ ಇಲ್ಲ ಎಂದು ಡಿಎಂ ಸೇರಿಸಿಕೊಳ್ಳಲಿ.

ಬರೀ ಈ ನಿಯಮಗಳಿಗಾಗಿ ಪುಸ್ತಕ ಕೊಳ್ಳಬೇಕಿಲ್ಲ. ಸರ್ಪ್ರೈಸ್, ಹೈಡ್, ಪಾಸ್ ವಿದೌಟ್ ಟ್ರೇಸ್ ಎಲ್ಲವೂ 2025ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದ ಎಸ್‌ಆರ್‌ಡಿ 5.2 ಎಂಬ ಉಚಿತ ನಿಯಮ ಸಂಗ್ರಹದಲ್ಲಿವೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ ಪಿಡಿಎಫ್ ಇಳಿಸಿಕೊಂಡು ಬೇಕಾದ ಪುಟಗಳನ್ನು ಮುದ್ರಿಸಿಟ್ಟುಕೊಳ್ಳಿ. ರೋಗ್‌ನ ಒಳವಿಧಗಳಲ್ಲಿ ಥೀಫ್ ಮಾತ್ರ ಅದರಲ್ಲಿದೆ. ಅಸಾಸಿನ್ ಬೇಕೆಂದರೆ ತಂಡಕ್ಕೆ ಒಂದು ಪ್ರತಿ ಸಾಕು.