ಪ್ಲೂಟೊ ಹುಡುಕಿದರೆ 134340: ಜೆಪಿಎಲ್‌ನ ಸಣ್ಣ ಕಾಯಗಳ ಡೇಟಾಬೇಸ್

ಕುಬ್ಜಗ್ರಹ ಯಾವುದು ಎಂಬ ಜಗಳ ಬಗೆಹರಿಸಿಕೊಳ್ಳಲು ಕ್ಷುದ್ರಗ್ರಹ, ಧೂಮಕೇತುಗಳ ವಿವರವಿರುವ, ನಾಸಾದ ಜೆಪಿಎಲ್ ಪ್ರಯೋಗಾಲಯದ ಈ ತಾಣಕ್ಕೆ ಬಂದರೆ ನಿರಾಸೆ ಖಚಿತ. ಉಚಿತ, ಲಾಗಿನ್ ಬೇಡ. ಆದರೆ ಈ ಡೇಟಾಬೇಸ್ ಕಾಯಗಳನ್ನು ವಿಂಗಡಿಸುವುದು ಕಕ್ಷೆ ನೋಡಿ. ಸುಮಾರು 940 ಕಿ.ಮೀ. ವ್ಯಾಸದ, ದುಂಡಗಿನ ಕುಬ್ಜಗ್ರಹ ಸೀರಿಸ್ ಇಲ್ಲಿ ಮಂಗಳ-ಗುರುಗಳ ನಡುವಿನ ಮುಖ್ಯ ಪಟ್ಟಿಯ ಕ್ಷುದ್ರಗ್ರಹ. ಕುಬ್ಜಗ್ರಹಗಳಾದ ಪ್ಲೂಟೊ, ಎರಿಸ್ ಎರಡೂ ಇಲ್ಲಿ ನೆಪ್ಚೂನ್‌ನಾಚೆಯ ಕಾಯಗಳು. 2006ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮತ ಹಾಕಿ ಮಾಡಿದ ಗ್ರಹದ ವ್ಯಾಖ್ಯೆ ಇಲ್ಲಿನ ವಿಂಗಡಣೆಯ ಕಾಲಂಗೆ ತಾಕಿಲ್ಲ. ನನಗದು ದೋಷವೆನಿಸದು: ಕಕ್ಷೆಯನ್ನು ಅಳೆಯಬಹುದು, 'ಕಕ್ಷೆಯ ಸುತ್ತಲಿನ ಕಾಯಗಳನ್ನು ತೆರವುಗೊಳಿಸಿದೆಯೇ' ಎಂಬ ಗ್ರಹದ ಷರತ್ತಿಗೆ ಆ ನಿರ್ಣಯ ಅಳತೆಗೋಲನ್ನೇ ಕೊಟ್ಟಿಲ್ಲ.

ಹೆಸರಿನಿಂದ ಹುಡುಕುವಾಗ ಎಚ್ಚರ. 'ಯುರೋಪಾ' ಎಂದು ಕೊಟ್ಟರೆ ಬರುವುದು ಗುರುವಿನ ಉಪಗ್ರಹವಲ್ಲ, 1858ರಲ್ಲಿ ಸಿಕ್ಕ 52ನೇ ಕ್ಷುದ್ರಗ್ರಹ. ಗ್ರಹಗಳ ಉಪಗ್ರಹಗಳು ಇಲ್ಲಿ ಇಲ್ಲವೇ ಇಲ್ಲ. ಕಾಯಕ್ಕೆ ಕೊಟ್ಟ ಕಾಯಂ ಸಂಖ್ಯೆ ಹಾಕುವುದೇ ಲೇಸು: ಎರಿಸ್‌ಗೆ 136199.

ಪತ್ತೆಯಾದಾಗ ಕೊಡುವ ತಾತ್ಕಾಲಿಕ ಹೆಸರನ್ನು ಓದಲು ಕಲಿತರೆ ಪುಟದ ಸ್ವಾರಸ್ಯ ಇಮ್ಮಡಿ. ಎರಿಸ್‌ನದು 2003 ಯುಬಿ313. ಮೊದಲ ಅಕ್ಷರ ಅರ್ಧ ತಿಂಗಳನ್ನು ಹೇಳುತ್ತದೆ: ಯು ಅಂದರೆ ಅಕ್ಟೋಬರ್ 16ರಿಂದ 31. ಮುಂದಿನದು ಆ ಅವಧಿಯೊಳಗಿನ ಕ್ರಮ: ಬಿ ಎರಡನೆಯ ಅಕ್ಷರ. ಐ ಬಿಟ್ಟು 25 ಅಕ್ಷರಗಳ ಸುತ್ತು 313 ಸಲ ಮುಗಿದಿದೆ. 313×25+2, ಆ ಅರ್ಧ ತಿಂಗಳ 7827ನೆಯ ಕಾಯ. ಐ ಸೇರಿಸಿ 26 ಎಂದು ಗುಣಿಸುವುದೇ ಸಾಮಾನ್ಯ ತಪ್ಪು.

ಹೆಸರು ಯಾಕೆ ಬಂತು ಎಂಬ ಟಿಪ್ಪಣಿ ಪತ್ತೆ-ವಿವರದ ಭಾಗದಲ್ಲಿ ಅಡಗಿದೆ, ಅದನ್ನು ತೆರೆದು ನೋಡಬೇಕು. ಮೊಬೈಲ್‌ನಲ್ಲಿ ಕೋಷ್ಟಕಗಳ ಕಾಟ ಜಾಸ್ತಿ, ಕಂಪ್ಯೂಟರೇ ವಾಸಿ.