ರಂಗನತಿಟ್ಟಿನ ದೋಣಿ ವಿಹಾರ: ಅಣೆಕಟ್ಟಿನ ಕೆಳಗಿನ ಹೊಳೆಯನ್ನು ಕಾಣಬೇಕೆನ್ನುವವರಿಗೆ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆ ನಡೆಸುವ ದೋಣಿ ವಿಹಾರವನ್ನು ಹಕ್ಕಿಪ್ರಿಯರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಅಣೆಕಟ್ಟೊಂದು ತನ್ನ ಕೆಳಗಿನ ಹೊಳೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರಿಗೂ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟವೆಂದು ನನ್ನ ಅಭಿಪ್ರಾಯ.

ಹುಟ್ಟು ಹಾಕುವ ದೋಣಿಯಾದ್ದರಿಂದ ಎಂಜಿನ್ನಿನ ಸದ್ದಿಲ್ಲ. ಬಣ್ಣದ ಕೊಕ್ಕರೆಗಳ ಗೂಡುಗಳನ್ನೂ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನೂ ಸಾಕಷ್ಟು ಹತ್ತಿರದಿಂದ ನೋಡಬಹುದು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾತ್ರ ಇಂಗ್ಲಿಷಿನಲ್ಲಿ ರಿವರ್ ಟರ್ನ್ ಎನ್ನುವ ರೀವ ಹಕ್ಕಿ. ಬೇಸಿಗೆಯಲ್ಲಿ ನೀರಿಳಿದು ಬಯಲಾದ ಬಂಡೆಯ ತಗ್ಗಿನಲ್ಲಿ ಒಂದು ಕಡ್ಡಿಯನ್ನೂ ತಂದಿಡದೆ ಅದು ಮೊಟ್ಟೆಯಿಡುತ್ತದೆ. ಚುಕ್ಕೆಗಳಿರುವ ಆ ಮೊಟ್ಟೆಗಳು ಕಲ್ಲಿನ ಬಣ್ಣದಲ್ಲೇ ಬೆರೆತುಹೋಗುವುದರಿಂದ ದುರ್ಬೀನು ಹಿಡಿದರೂ ಗುರುತಿಸಲು ಹೊತ್ತು ಬೇಕು. ಹೊಳೆ ಎರಡು ಗೇಣು ಏರಿದರೆ ಅಲ್ಲಿ ಏನೂ ಉಳಿಯುವುದಿಲ್ಲ.

ಆ ಎರಡು ಗೇಣನ್ನು ಇಂದು ನಿರ್ಧರಿಸುವುದು ಕೊಡಗಿನ ಮಳೆಯೊಂದೇ ಅಲ್ಲ, ಹೊಳೆಯ ಮೇಲ್ಭಾಗದಲ್ಲಿರುವ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟಿನ) ಗೇಟುಗಳು ಕೂಡ. ಈ ನಡುಗಡ್ಡೆಗಳು ರೂಪುಗೊಂಡದ್ದೂ ಮನುಷ್ಯರು ಕಟ್ಟಿದ ಒಡ್ಡಿನಿಂದಲೇ ಎಂಬುದು ನಿಜ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಅಣೆ ಕಟ್ಟಿದಾಗ ಇವು ಉಂಟಾದವು. ಆದರೆ ಅಣೆಯ ನೆತ್ತಿಯ ಮೇಲೆ ಪ್ರವಾಹ ತನ್ನ ಕಾಲಕ್ಕೆ ತಾನು ಹರಿದುಹೋಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಹಾಗಲ್ಲ: 124.80 ಅಡಿಯ ಮಟ್ಟಕ್ಕೆ ಸುಮಾರು 49 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುವ ಅದು ಮುಂಗಾರಿನ ಮೊದಲ ಹೊಸನೀರನ್ನು ತಡೆದಿಟ್ಟುಕೊಂಡು, ತುಂಬಿದ ಮೇಲೆ ಒಮ್ಮೆಲೇ ಸಾವಿರಾರು ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಬಿಡುತ್ತದೆ. ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಸಾಗುವ ಮೀನುಗಳಿಗೆ ಬೇಕಾದ ಹೊಸನೀರು ಸಕಾಲಕ್ಕೆ ಬರುವುದಿಲ್ಲ, ಬಂದರೂ ಗೋಡೆಯಾಚೆಗೆ ದಾರಿಯಿಲ್ಲ. ಮೆಕ್ಕಲು ಮಣ್ಣು ಜಲಾಶಯದಲ್ಲೇ ತಂಗುವುದರಿಂದ ಕೆಳಗೆ ನುಗ್ಗುವ ನೀರು ನಡುಗಡ್ಡೆಗಳ ಅಂಚನ್ನು ಕೊರೆಯುತ್ತದೆ, ಕೊರೆದದ್ದನ್ನು ತುಂಬಿಕೊಡುವ ಹೂಳು ಸಾಕಷ್ಟು ಬರುವುದಿಲ್ಲ. ಇಲಾಖೆ ಮರಳಿನ ಮೂಟೆಗಳನ್ನು ಒಡ್ಡಿ ನಡುಗಡ್ಡೆಗಳನ್ನು ಉಳಿಸಿಕೊಳ್ಳಲು ಶ್ರಮಿಸಿರುವುದು ಈ ಕಾರಣಕ್ಕೇ.

ರಾಜ್ಯಗಳಿಗೆ ಹೊಳೆಯ ನೀರನ್ನು ಹಂಚಿದ ಕಾವೇರಿ ನ್ಯಾಯಮಂಡಳಿಯ ತೀರ್ಪಿನಲ್ಲಿ ಪರಿಸರಕ್ಕೆಂದು 10 ಟಿಎಂಸಿ ಮೀಸಲಾಗಿದೆ. ಒಟ್ಟು ಮೊತ್ತ ಎಷ್ಟಿದ್ದರೂ ಮರಿ ಮಾಡುವ ವಾರಗಳಲ್ಲಿ ನೀರು ಎಷ್ಟು ಬೇಗ ಏರಿತು ಎಂಬುದೇ ಆ ಬಂಡೆಯ ಮೊಟ್ಟೆಗೆ ಮುಖ್ಯ. ಮಂಡ್ಯದ ಗದ್ದೆಗಳಿಗೂ ಬೆಂಗಳೂರಿನ ನಲ್ಲಿಗಳಿಗೂ ಈ ಕಟ್ಟೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಗೇಟುಗಳನ್ನು ಹಂತಹಂತವಾಗಿ ಎತ್ತುವುದರಿಂದ ಗದ್ದೆಗೂ ನಲ್ಲಿಗೂ ನಷ್ಟವಿಲ್ಲ ಎಂದಷ್ಟೇ ನನ್ನ ವಾದ.

ದೋಣಿ ನಡೆಸುವವರನ್ನು ನೀರು ಏರಿದಾಗ ಯಾವ ಬಂಡೆ ಮೊದಲು ಮುಳುಗುತ್ತದೆಂದು ತಪ್ಪದೆ ಕೇಳಿ. ದಿನವೂ ಹೊಳೆಯಲ್ಲೇ ಇರುವವರ ಉತ್ತರ ಯಾವ ಫಲಕಕ್ಕಿಂತಲೂ ಸ್ಪಷ್ಟವಾಗಿರುತ್ತದೆ. ಟಿಕೆಟ್ ಕೌಂಟರಿನ ಬಳಿ ಅಂದು ಕಟ್ಟೆಯಿಂದ ಬಿಟ್ಟ ನೀರಿನ ಪ್ರಮಾಣವನ್ನು, ಅಂದರೆ ಹೊರಹರಿವನ್ನು, ಬರೆದು ಹಾಕಿದರೆ ಸೇವೆಯ ಮೌಲ್ಯ ಇನ್ನೂ ಹೆಚ್ಚುತ್ತದೆ. ಫೋಟೊ ತೆಗೆಯುವವರು ಪ್ರತ್ಯೇಕ ದೋಣಿ ಪಡೆಯುವುದು ಒಳ್ಳೆಯದು. ಗೂಡುಗಳಿಗೆ ಜನವರಿಯಿಂದ, ರೀವದ ಮೊಟ್ಟೆಗಳಿಗೆ ಮಾರ್ಚ್ ಮತ್ತು ಏಪ್ರಿಲ್ ಸೂಕ್ತ. ಹೊರಹರಿವು ಹೆಚ್ಚಿದಾಗ ದೋಣಿ ನಿಲ್ಲಿಸುವುದರಿಂದ ಮಳೆಗಾಲದಲ್ಲಿ ಕಟ್ಟೆಯ ಸುದ್ದಿ ನೋಡಿಕೊಂಡೇ ಹೊರಡಿ.